ಮನೆಗೆ ಎಷ್ಟು ಸ್ಪೀಡಿನ ಇಂಟರ್ನೆಟ್ ಬೇಕು? ಲೆಕ್ಕ ಹಾಕಿ ಆರಿಸೋಣ



ಈಗೀಗ ಮಾಗಡಿ ಕಡೆಯ ಸಂಘಗಳ ಸಭೆಗೆ ಹೋದರೆ ಉಳಿತಾಯ, ಸಾಲ, ಮರುಪಾವತಿಯ ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. "ಸಿಸ್ಟರ್, ಮನೆಗೆ ವೈಫೈ ಹಾಕಿಸಿ ಅಂತ ಮಕ್ಕಳು ಹಠ ಹಿಡಿದಿದ್ದಾರೆ. 30 ಸಾಕಾ, 100 ಬೇಕಾ? ಕನೆಕ್ಷನ್ ಕೊಡೋ ಹುಡುಗ 100 ಹಾಕಿಸಿಬಿಡಿ ಅಂತಾನೆ." 2020ರಲ್ಲಿ ಕೊರೊನಾ ಬಂದು, ಶಾಲೆ ಮುಚ್ಚಿ, ಪಾಠವೆಲ್ಲ ಮೊಬೈಲಿಗೆ ಬಂತಲ್ಲ, ಆವತ್ತಿನಿಂದ ಈ ಪ್ರಶ್ನೆ ಹೆಚ್ಚಾಗಿದೆ.

ಇದು ಸಣ್ಣ ಪ್ರಶ್ನೆ ಏನಲ್ಲ. ಫ್ರಿಜ್ಜು, ಮಿಕ್ಸಿ ಒಂದು ಸಲ ಕೊಂಡರೆ ಮುಗಿಯಿತು. ಇಂಟರ್ನೆಟ್ ಹಾಗಲ್ಲ, ತಿಂಗಳು ತಿಂಗಳೂ ಕಟ್ಟಬೇಕು. ಹಾಲಿನ ಬಟವಾಡೆಯಲ್ಲೋ, ಗಾರ್ಮೆಂಟ್ಸ್ ಸಂಬಳದಲ್ಲೋ, ಕೂಲಿಯಲ್ಲೋ ಆ ದುಡ್ಡು ಹೊಂದಿಸುವವರು ಹೆಚ್ಚಾಗಿ ನಾವೇ, ಅಂದರೆ ಹೆಂಗಸರೇ. ಆದ್ದರಿಂದ ಎಷ್ಟು ಬೇಕು ಅನ್ನುವುದನ್ನೂ ನಾವೇ ಲೆಕ್ಕ ಹಾಕಲು ಕಲಿಯಬೇಕು. ಸಂಘದ ಲೆಕ್ಕ ಬರೆಯಲು ಬರುವವರಿಗೆ ಈ ಲೆಕ್ಕ ಕಷ್ಟವೇನಿಲ್ಲ.

ಸ್ಪೀಡ್ ಅಂದರೇನು?

ಊರಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕಿನಿಂದ ನಮ್ಮ ಮನೆಗೆ ಬರುವ ಪೈಪು ಎಷ್ಟು ದಪ್ಪ ಇದೆ ಅನ್ನುವುದೇ ಸ್ಪೀಡ್. ತಿಂಗಳಿಗೆ ಎಷ್ಟು ಬಿಂದಿಗೆ ನೀರು ಹಿಡಿದೆವು ಅನ್ನುವುದೇ ಡೇಟಾ. ಮನೆಯಲ್ಲಿ ಒಂದೇ ನಲ್ಲಿ ತೆರೆದಿದ್ದರೆ ಸಣ್ಣ ಪೈಪಿನಲ್ಲೂ ನೀರು ಚೆನ್ನಾಗಿ ಬರುತ್ತದೆ. ಬಚ್ಚಲು, ಅಡುಗೆಮನೆ, ಹಿತ್ತಲು ಮೂರೂ ಕಡೆ ಒಟ್ಟಿಗೆ ತೆರೆದರೆ ಆಗ ಪೈಪಿನ ದಪ್ಪ ಗೊತ್ತಾಗುತ್ತದೆ. ಇಂಟರ್ನೆಟ್ಟೂ ಹೀಗೆಯೇ. ಮನೆಯಲ್ಲಿ ಎಷ್ಟು ಮೊಬೈಲ್ ಇವೆ ಅನ್ನುವುದಕ್ಕಿಂತ, ಒಂದೇ ಹೊತ್ತಿನಲ್ಲಿ ಎಷ್ಟು ಜನ ಏನು ಮಾಡುತ್ತಾರೆ ಅನ್ನುವುದು ಮುಖ್ಯ.

ಈ ಪೈಪಿನ ದಪ್ಪವನ್ನು ಎಂಬಿಪಿಎಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಇದರಲ್ಲಿ ಒಂದು ಗೊಂದಲ ಇದೆ, ಗಮನಿಸಿ. ಮೊಬೈಲಿನಲ್ಲಿ ಫೋಟೋ, ಸಿನಿಮಾ ಇವುಗಳ ಗಾತ್ರ ತೋರಿಸುವುದು ಎಂಬಿಯಲ್ಲಿ. ಕಂಪನಿಯವರು ಸ್ಪೀಡ್ ಹೇಳುವುದು ಅದಕ್ಕಿಂತ ಎಂಟು ಪಟ್ಟು ಚಿಕ್ಕ ಅಳತೆಯಲ್ಲಿ. ಆದ್ದರಿಂದ 30 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 30 ಎಂಬಿ ಬರುತ್ತದೆ ಅಂತಲ್ಲ, 8ರಿಂದ ಭಾಗಿಸಿ, ಸುಮಾರು 3.75 ಎಂಬಿ ಬರುತ್ತದೆ. 100 ಎಂಬಿಯ ಒಂದು ಪಾಠದ ವಿಡಿಯೋ ಇಳಿಸಲು ಅರ್ಧ ನಿಮಿಷ ಸಾಕು. "30 ಅಂದ್ರು, 3 ತೋರಿಸ್ತಾ ಇದೆ, ಮೋಸ" ಅಂತ ಕೆಲವರು ಜಗಳಕ್ಕೆ ಹೋಗುತ್ತಾರೆ. ಎಲ್ಲ ಸಲವೂ ಅದು ಮೋಸವಲ್ಲ, ಅಳತೆ ಬೇರೆ ಇರಬಹುದು.

ಇನ್ನೊಂದು ಮಾತು. ನಮ್ಮ ದೇಶದಲ್ಲಿ 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದನ್ನೇ ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದರು. ಅಂದರೆ ಒಂದು ಎಂಬಿಪಿಎಸ್ಸಿನ ಕಾಲುಭಾಗ. 2023ರಲ್ಲಿ ಸರ್ಕಾರ ಈ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಅಂತ ಹೆಸರು ಪಡೆದ ಯೋಜನೆಯಲ್ಲಿ ಒಂದು ಇಡೀ ಗ್ರಾಮ ಪಂಚಾಯಿತಿಗೆ 100 ಎಂಬಿಪಿಎಸ್ ಕೊಡಬೇಕು ಅಂತ ಗುರಿ ಇಟ್ಟಿದ್ದರು. ಇಡೀ ಪಂಚಾಯಿತಿಗೆ ಲೆಕ್ಕ ಹಾಕಿದ್ದ 100 ನಮ್ಮ ಒಂದು ಮನೆಗೆ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ, ಏನಕ್ಕೆ ಅಂತ ಒಂದು ಮಾತು ಕೇಳುವುದು ತಪ್ಪಲ್ಲ.

ಯಾವ ಕೆಲಸಕ್ಕೆ ಎಷ್ಟು?

ಈ ಕೆಳಗಿನ ಅಂದಾಜುಗಳನ್ನು ಸಂಘದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

• ವಾಟ್ಸಾಪ್ ಸಂದೇಶ, ಫೋನ್‌ಪೇ, ಬ್ಯಾಂಕಿನ ಆ್ಯಪ್, ಅರ್ಜಿ ತುಂಬುವುದು: 1 ಎಂಬಿಪಿಎಸ್ ಕೂಡ ಬೇಕಿಲ್ಲ.
• ಒಬ್ಬರ ಜೊತೆ ವಿಡಿಯೋ ಕಾಲ್: 1ರಿಂದ 1.5
• ಆನ್‌ಲೈನ್ ತರಗತಿ, ಹತ್ತಾರು ಜನರ ವಿಡಿಯೋ ಸಭೆ: ಸುಮಾರು 3
• ಮೊಬೈಲಿನಲ್ಲಿ ಯೂಟ್ಯೂಬ್: ಸಾಧಾರಣ ಚಿತ್ರಕ್ಕೆ 1.1, ಇನ್ನೂ ಸ್ಪಷ್ಟ ಬೇಕಾದರೆ 2.5
• ಸ್ಮಾರ್ಟ್ ಟಿವಿಯಲ್ಲಿ ಎಚ್‌ಡಿ ಸಿನಿಮಾ, ಧಾರಾವಾಹಿ: 5
• ದೊಡ್ಡ ಟಿವಿಯಲ್ಲಿ 4ಕೆ ಚಿತ್ರ: 15ರಿಂದ 20
• ಮೊಬೈಲ್ ಗೇಮ್ ಆಡುವುದು: 3 ಇಟ್ಟುಕೊಳ್ಳಿ
• ಮನೆಯಿಂದಲೇ ಆಫೀಸ್ ಕೆಲಸ: ಒಬ್ಬರಿಗೆ 10 ಇಟ್ಟುಕೊಳ್ಳಿ

ಈ ಪಟ್ಟಿಯಲ್ಲಿ ಒಂದು ವಿಷಯ ಕಾಣುತ್ತದೆ. ದುಡ್ಡು ಕಳಿಸುವುದಕ್ಕೆ, ಓದುವುದಕ್ಕೆ, ಅರ್ಜಿ ಹಾಕುವುದಕ್ಕೆ ಬೇಕಾದ ಸ್ಪೀಡ್ ಬಹಳ ಕಡಿಮೆ. ದೊಡ್ಡ ಪೈಪು ಬೇಕಾಗುವುದು ದೊಡ್ಡ ಪರದೆಯ ಚಿತ್ರಕ್ಕೆ. ಫೋನ್‌ಪೇ ದುಡ್ಡು ಸಿಕ್ಕಿಹಾಕಿಕೊಂಡರೆ ಎಷ್ಟೋ ಸಲ ಅದು ಬ್ಯಾಂಕಿನ ಕಡೆಯ ತೊಂದರೆ. ಅದಕ್ಕಾಗಿ ಪ್ಲಾನ್ ಬದಲಾಯಿಸಬೇಡಿ.

ಸಂಜೆ ಎಂಟು ಗಂಟೆಯ ಲೆಕ್ಕ

ಈಗ ಒಂದು ಮನೆಯ ಲೆಕ್ಕ ಹಾಕೋಣ. ಮನೆಯಲ್ಲಿ ಐದು ಜನ. ಎಲ್ಲರೂ ಮನೆಗೆ ಬಂದಿರುವ ಹೊತ್ತು ಸಂಜೆ ಎಂಟು. ಅತ್ತೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದಾರೆ: 5. ಮಗಳು ಪಿಯುಸಿ, ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ: 3. ಮಗ ಗೇಮ್ ಆಡುತ್ತಿದ್ದಾನೆ: 3. ಯಜಮಾನರು ಯೂಟ್ಯೂಬ್ ನೋಡುತ್ತಿದ್ದಾರೆ: 2.5. ನೀವು ತವರಿನವರ ಜೊತೆ ವಿಡಿಯೋ ಕಾಲ್‌ನಲ್ಲಿದ್ದೀರಿ: 1.5. ಒಟ್ಟು 15 ಎಂಬಿಪಿಎಸ್.

ಇದಕ್ಕೆ ಅರ್ಧದಷ್ಟು ಸೇರಿಸಿ. ಯಾಕೆ ಅಂದರೆ ಮೊಬೈಲುಗಳು ನಮಗೆ ಗೊತ್ತಿಲ್ಲದ ಹಾಗೆ ಆ್ಯಪ್ ಅಪ್‌ಡೇಟ್ ಇಳಿಸಿಕೊಳ್ಳುತ್ತವೆ, ಫೋಟೋ ಕಳಿಸುತ್ತವೆ, ನೆಂಟರು ಬಂದರೆ ಅವರ ಮೊಬೈಲೂ ಸೇರುತ್ತದೆ. 15ಕ್ಕೆ 7.5 ಸೇರಿಸಿದರೆ 22.5. ಅಂದರೆ ಐದೂ ಜನ ಒಟ್ಟಿಗೆ ಬಳಸಿದರೂ 30 ಎಂಬಿಪಿಎಸ್ ಪ್ಲಾನ್ ಸಾಕು, ಇನ್ನೂ ಉಳಿಯುತ್ತದೆ.

ಹಾಗಾದರೆ 100 ಯಾರಿಗೆ ಬೇಕು? ಇಬ್ಬರು ಮಕ್ಕಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ: 20. ದೊಡ್ಡ 4ಕೆ ಟಿವಿ ಇದೆ: 20. ಇನ್ನೊಂದು ಕೋಣೆಯಲ್ಲಿ ಎಚ್‌ಡಿ ಟಿವಿ: 5. ಮೊಬೈಲಿನಲ್ಲಿ ಯೂಟ್ಯೂಬ್: 2.5. ಒಟ್ಟು 47.5, ಅರ್ಧ ಸೇರಿಸಿದರೆ 71. ಇಂಥ ಮನೆಗೆ 100 ತೆಗೆದುಕೊಂಡರೆ ಅದು ದುಂದು ಅಲ್ಲ.

ಇನ್ನು ಕೆಲವು ಮನೆಗಳಿಗೆ ಬ್ರಾಡ್‌ಬ್ಯಾಂಡೇ ಬೇಕಿಲ್ಲ. ವಯಸ್ಸಾದ ಇಬ್ಬರು ಇದ್ದಾರೆ, ಒಂದೇ ಸ್ಮಾರ್ಟ್‌ಫೋನ್, ದಿನಕ್ಕೆ ಒಂದೆರಡು ಗಂಟೆ ಹಾಡು, ಸುದ್ದಿ. ಸಾಧಾರಣ ಸ್ಪಷ್ಟತೆಯ ಯೂಟ್ಯೂಬ್ ವಿಡಿಯೋಗೆ ಗಂಟೆಗೆ ಸುಮಾರು ಅರ್ಧ ಜಿಬಿ ಖರ್ಚಾಗುತ್ತದೆ. ಮೊಬೈಲಿನ ದಿನದ ಒಂದೂವರೆ ಜಿಬಿಯಲ್ಲಿ ಅದು ಆರಾಮಾಗಿ ಮುಗಿಯುತ್ತದೆ. ಪಕ್ಕದ ಮನೆಯಲ್ಲಿದೆ ಅಂತ ನಾವೂ ಹಾಕಿಸಬೇಕಿಲ್ಲ.

ಲೆಕ್ಕದಲ್ಲಿ ಯಾರು ಬಿಟ್ಟುಹೋದರು?

ಸಭೆಗಳಲ್ಲಿ ಈ ಲೆಕ್ಕ ಮಾಡಿಸುವಾಗ ನಾವು ಕಂಡಿರುವುದು ಒಂದಿದೆ. ಮಗನ ಗೇಮ್, ಯಜಮಾನರ ಕ್ರಿಕೆಟ್, ಅತ್ತೆಯ ಧಾರಾವಾಹಿ ಎಲ್ಲ ಪಟ್ಟಿಗೆ ಬರುತ್ತದೆ. "ನೀವು?" ಅಂತ ಕೇಳಿದರೆ "ನಂದೇನಿದೆ ಸಿಸ್ಟರ್, ನಂಗೇನೂ ಬೇಡ" ಅನ್ನುತ್ತಾರೆ. ಊಟ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವ ಅಭ್ಯಾಸ ಇಲ್ಲಿಗೂ ಬಂದಿದೆ.

ಸಹೋದರಿಯರೇ, ನಿಮ್ಮ ಹೆಸರನ್ನೂ ಪಟ್ಟಿಗೆ ಹಾಕಿ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ನೋಡುವುದು, ಸಂಘದ ಬ್ಯಾಂಕ್ ಖಾತೆ ನೋಡುವುದು, ಹೊಲಿಗೆಯ ಹೊಸ ಮಾದರಿ ಕಲಿಯುವುದು, ಉಪ್ಪಿನಕಾಯಿ, ರಾಗಿ ಹುರಿಹಿಟ್ಟಿನ ಫೋಟೋ ಹಾಕಿ ಗಿರಾಕಿ ಹುಡುಕುವುದು, ಇವೆಲ್ಲ ಕೆಲಸವೇ. ಹಾಗೆಯೇ ಮಗಳ ಪಾಠವನ್ನು ಮೊದಲು ಬರೆಯಿರಿ, ಮಗನ ಗೇಮ್ ಆಮೇಲೆ ಬರೆಯಿರಿ. 30ರ ಪ್ಲಾನ್ ಇದ್ದೂ ಮಗಳಿಗೆ ಪಾಠ ಸಿಗುತ್ತಿಲ್ಲ ಅಂದರೆ ಎಷ್ಟೋ ಸಲ ಕೊರತೆ ಇರುವುದು ಸ್ಪೀಡಿನಲ್ಲಲ್ಲ, ಮನೆಯಲ್ಲಿರುವ ಒಂದೇ ಒಂದು ಒಳ್ಳೆಯ ಮೊಬೈಲ್ ಅಣ್ಣನ ಕೈಯಲ್ಲಿರುತ್ತದೆ. ಅಂಥ ಮನೆಯಲ್ಲಿ 100 ಹಾಕಿಸಿದರೂ ಮಗಳ ಪಾಲು ಸೊನ್ನೆಯೇ. ಅದಕ್ಕೆ ಮದ್ದು ಕಂಪನಿಯ ಹತ್ತಿರ ಇಲ್ಲ. ಯಾರಿಗೆ ಯಾವ ಹೊತ್ತು ಅಂತ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು.

ವಿಡಿಯೋ, ಫೋಟೋ ಕಳಿಸಿ ವ್ಯಾಪಾರ ಮಾಡುವವರು ಅಪ್‌ಲೋಡ್ ಸ್ಪೀಡನ್ನೂ ಕೇಳಿ. ಮನೆಗೆ ಬರುವುದು ಡೌನ್‌ಲೋಡ್, ಮನೆಯಿಂದ ಹೋಗುವುದು ಅಪ್‌ಲೋಡ್. ಚನ್ನಪಟ್ಟಣದ ಬೊಂಬೆಯ 50 ಎಂಬಿಯ ವಿಡಿಯೋ ಒಂದನ್ನು ಗಿರಾಕಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ. ಅಪ್‌ಲೋಡ್ 2 ಇದ್ದರೆ ಮೂರು ನಿಮಿಷಕ್ಕೂ ಹೆಚ್ಚು ಬೇಕು, 20 ಇದ್ದರೆ ಇಪ್ಪತ್ತು ಸೆಕೆಂಡು. ಫೈಬರ್‌ನಲ್ಲಿ ಎರಡೂ ಕಡೆಗೆ ಒಂದೇ ಸ್ಪೀಡ್ ಕೊಡುವ ಪ್ಲಾನ್‌ಗಳು ಸಿಗುತ್ತವೆ.

ದುಡ್ಡಿನ ಲೆಕ್ಕ

2020ರ ಆಗಸ್ಟ್ ಕೊನೆಯಲ್ಲಿ ಜಿಯೋ ತನ್ನ ಫೈಬರ್ ದರಗಳನ್ನು ಪ್ರಕಟಿಸಿದಾಗ 30 ಎಂಬಿಪಿಎಸ್‌ಗೆ ತಿಂಗಳಿಗೆ 399 ರೂಪಾಯಿ, 100ಕ್ಕೆ 699, 150ಕ್ಕೆ 999 ಅಂತ ಇಟ್ಟಿತು. ಇದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಬೇರೆ ಕಂಪನಿಗಳದ್ದು ಬೇರೆ ದರ ಇರುತ್ತದೆ, ದರಗಳು ಬದಲಾಗುತ್ತಲೂ ಇರುತ್ತವೆ. ಆದರೆ ಲೆಕ್ಕ ಹಾಕುವ ದಾರಿ ಒಂದೇ.

399ಕ್ಕೆ ತೆರಿಗೆ ಸೇರಿದರೆ ಸುಮಾರು 471 ರೂಪಾಯಿ. 699ಕ್ಕೆ ಸೇರಿದರೆ ಸುಮಾರು 825. ವ್ಯತ್ಯಾಸ ತಿಂಗಳಿಗೆ 354, ವರ್ಷಕ್ಕೆ 4,248 ರೂಪಾಯಿ. ವಾರಕ್ಕೆ 80 ರೂಪಾಯಿಗೂ ಹೆಚ್ಚು. ಸಂಘದಲ್ಲಿ ವಾರಕ್ಕೆ ನೀವು ಎಷ್ಟು ಉಳಿತಾಯ ಕಟ್ಟುತ್ತೀರಿ? ಪಕ್ಕದಲ್ಲಿಟ್ಟು ನೋಡಿ. ಬಳಸದ ಸ್ಪೀಡಿಗೆ ಕಟ್ಟಿದ ದುಡ್ಡು ಎಲ್ಲೂ ಜಮೆ ಆಗುವುದಿಲ್ಲ.

'ಅನ್‌ಲಿಮಿಟೆಡ್' ಅನ್ನುವ ಮಾತನ್ನೂ ಬಿಡಿಸಿ ನೋಡಿ. ಹೆಚ್ಚಿನ ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟು ಜಿಬಿ ಅಂತ ಒಂದು ಮಿತಿ ಇರುತ್ತದೆ, ಅದು ದಾಟಿದರೆ ಸ್ಪೀಡ್ ಇಳಿಸುತ್ತಾರೆ. ಮಿತಿ 3,300 ಜಿಬಿ ಇದ್ದರೆ ಹೆದರಬೇಕಾಗಿಲ್ಲ. ಎಚ್‌ಡಿ ಟಿವಿಗೆ ಗಂಟೆಗೆ ಸುಮಾರು 2.25 ಜಿಬಿ ಖರ್ಚಾಗುತ್ತದೆ. ಎರಡು ಟಿವಿಗಳನ್ನು 30 ದಿನವೂ ಹಗಲು ರಾತ್ರಿ ಆರಿಸದೆ ಬಿಟ್ಟರೂ 3,240 ಜಿಬಿ ಆಗುತ್ತದೆ ಅಷ್ಟೇ. ಆದರೆ ಮಿತಿ 100 ಅಥವಾ 200 ಜಿಬಿ ಇರುವ ಪ್ಲಾನ್ ಆದರೆ ಹುಷಾರು. ದಿನಕ್ಕೆ ಮೂರು ಗಂಟೆ ಟಿವಿ ನೋಡಿದರೇ ತಿಂಗಳಿಗೆ 200 ಜಿಬಿ ಮುಗಿಯುತ್ತದೆ.

ನಿಧಾನಕ್ಕೆ ಕಾರಣ ಪ್ಲಾನೋ, ಗೋಡೆಯೋ?

"ನಮ್ಮನೇಲಿ ವೈಫೈ ಸ್ಲೋ, ದೊಡ್ಡ ಪ್ಲಾನ್‌ಗೆ ಹೋಗಬೇಕು" ಅನ್ನುವ ಮೊದಲು ಒಂದು ಪರೀಕ್ಷೆ ಮಾಡಿ. ಟ್ರಾಯ್ ಸಂಸ್ಥೆಯ 'ಮೈಸ್ಪೀಡ್' ಅನ್ನುವ ಉಚಿತ ಆ್ಯಪ್ ಇದೆ. ಮನೆಯಲ್ಲಿ ಬೇರೆ ಯಾರೂ ಬಳಸದ ಹೊತ್ತಿನಲ್ಲಿ ರೂಟರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಅಳೆಯಿರಿ. ಆಮೇಲೆ ಅಡುಗೆಮನೆಗೆ ಹೋಗಿ ಅಳೆಯಿರಿ. ಪಕ್ಕದಲ್ಲಿ 28, ಅಡುಗೆಮನೆಯಲ್ಲಿ 3 ಬಂದರೆ ಪ್ಲಾನ್ ಸರಿಯಾಗಿದೆ, ತೊಂದರೆ ಇರುವುದು ಮನೆಯೊಳಗೆ. ಪಕ್ಕದಲ್ಲೇ 3 ಬಂದರೆ ಮೊಬೈಲಿನದ್ದೋ ರೂಟರಿನದ್ದೋ ದೋಷ ಅಂತ ತಿಳಿಯಲು ಇನ್ನೊಂದು ಮೊಬೈಲಿನಲ್ಲೂ ಅಳೆದು, ಆಮೇಲೆ ಕಂಪನಿಗೆ ದೂರು ಕೊಡಿ.

ನಮ್ಮ ಕಡೆ ಕಲ್ಲಿನ ಗೋಡೆ, ಚಪ್ಪಡಿ ಹಾಸಿದ ಮನೆಗಳು ಇನ್ನೂ ಇವೆ. ದಪ್ಪ ಕಲ್ಲು, ಮಣ್ಣು, ಕಾಂಕ್ರೀಟು ವೈಫೈ ಅಲೆಗಳನ್ನು ತಡೆಯುತ್ತವೆ. ಕಬ್ಬಿಣದ ಬೀರು, ಫ್ರಿಜ್ಜು, ನೀರಿನ ಡ್ರಮ್ಮು ಕೂಡ ತಡೆಯುತ್ತವೆ. ಆದ್ದರಿಂದ ರೂಟರನ್ನು ಟಿವಿ ಹಿಂದೆ ಅಥವಾ ಬೀರುವಿನ ಒಳಗೆ ಇಡಬೇಡಿ. ಮನೆಯ ಮಧ್ಯಭಾಗದಲ್ಲಿ, ಆಳೆತ್ತರದಲ್ಲಿ, ಬಯಲಾಗಿ ಇರಲಿ. ಕೆಲವು ರೂಟರ್‌ಗಳಲ್ಲಿ 2.4 ಮತ್ತು 5 ಅಂತ ಎರಡು ಹೆಸರಿನ ವೈಫೈ ಕಾಣುತ್ತದೆ. 5 ವೇಗ ಜಾಸ್ತಿ, ದೂರ ಕಡಿಮೆ. 2.4 ವೇಗ ಕಡಿಮೆ, ದೂರ ಜಾಸ್ತಿ. ಟಿವಿ ಹತ್ತಿರ ಇದ್ದರೆ 5ಕ್ಕೆ ಸೇರಿಸಿ, ಹಿಂದಿನ ಕೋಣೆಯವರು 2.4ಕ್ಕೆ ಸೇರಿಕೊಳ್ಳಿ. ಇಷ್ಟು ಮಾಡಿದರೇ ಎಷ್ಟೋ ಮನೆಗಳ ತೊಂದರೆ ಕಾಸು ಖರ್ಚಿಲ್ಲದೆ ಸರಿಹೋಗುತ್ತದೆ.

ಕರೆಂಟ್ ಹೋದರೆ ರೂಟರೂ ಆರಿಹೋಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿದ್ದರೆ ರೂಟರಿಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ಹಾಕಬಹುದು. ಸ್ಪೀಡ್ ಹೆಚ್ಚಿಸಲು ಕೊಡುವ ದುಡ್ಡಿಗಿಂತ ಇದಕ್ಕೆ ಕೊಡುವ ದುಡ್ಡು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಊರಿಗೆ ಯಾವ ದಾರಿ?

ಮಾಗಡಿ ಪೇಟೆಯಲ್ಲಿ ಇರುವ ಆಯ್ಕೆ ಕುದೂರು, ತಿಪ್ಪಸಂದ್ರ ಕಡೆಯ ಒಳಹಳ್ಳಿಯಲ್ಲಿ ಇಲ್ಲದಿರಬಹುದು. ಫೈಬರ್ ತಂತಿ ಬೀದಿಗೆ ಬಂದಿದ್ದರೆ ಅದೇ ಮೊದಲ ಆಯ್ಕೆ, ಮಳೆ ಗಾಳಿಗೆ ಸಿಗ್ನಲ್ ಏರುಪೇರು ಆಗುವುದು ಕಡಿಮೆ. ತಂತಿ ಇಲ್ಲದ ಕಡೆ 5ಜಿ ಟವರ್‌ನಿಂದ ಗಾಳಿಯಲ್ಲೇ ಬರುವ ಸಂಪರ್ಕ ಇದೆ. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಏರ್‌ಫೈಬರ್ ಅನ್ನುವ ಹೆಸರಿನಲ್ಲಿ ಇದನ್ನು ಶುರು ಮಾಡಿದವು. ಇದಕ್ಕೆ ಟವರ್ ಹತ್ತಿರ ಇರಬೇಕು. ಸಾವನದುರ್ಗದಂಥ ಬೆಟ್ಟದ ಮಗ್ಗುಲಲ್ಲಿ, ಟವರ್‌ಗೂ ಮನೆಗೂ ನಡುವೆ ಬಂಡೆ ಅಡ್ಡ ಬಂದರೆ ಸಿಗ್ನಲ್ ಸೊರಗುತ್ತದೆ. ಅದಕ್ಕೆ ಕಾಗದದ ಮೇಲಿನ ಸ್ಪೀಡ್ ನಂಬುವ ಬದಲು, ಅದೇ ಬೀದಿಯಲ್ಲಿ ಈಗಾಗಲೇ ಹಾಕಿಸಿರುವವರ ಮನೆಗೆ ಸಂಜೆ ಎಂಟಕ್ಕೆ ಹೋಗಿ ಅಳೆದು ನೋಡಿ.

ಎರಡೂ ಇಲ್ಲದ ಊರಿನವರು ಕೈಕಟ್ಟಿ ಕೂರಬೇಕಿಲ್ಲ. 2023ರಲ್ಲಿ ಕೇಂದ್ರ ಸಚಿವ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಪಂಚಾಯಿತಿ ಕಚೇರಿ ಇಲ್ಲದ ಹಳ್ಳಿಗಳಿಗೂ ಬೇಡಿಕೆ ಇದ್ದರೆ ತಂತಿ ಎಳೆಯುವ ಅವಕಾಶ ಅದರಲ್ಲಿದೆ. ಬೇಡಿಕೆ ಇದೆ ಅಂತ ಹೇಳುವವರು ಯಾರು? ನಾವೇ ಹೇಳಬೇಕು. ಹತ್ತು ಮನೆಯವರು ಸಹಿ ಮಾಡಿ ಪಂಚಾಯಿತಿಗೆ ಪತ್ರ ಕೊಡಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. ಅಲ್ಲಿಯವರೆಗೆ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್, ಇಂಟರ್ನೆಟ್ ಇದೆಯೇ ಅಂತ ವಿಚಾರಿಸಿ, ಹೆಣ್ಣುಮಕ್ಕಳನ್ನೂ ಅಲ್ಲಿಗೆ ಕಳಿಸಿ.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ತೆರಿಗೆ ಸೇರಿ ತಿಂಗಳಿಗೆ ಕೈಯಿಂದ ಹೋಗುವುದು ಎಷ್ಟು? ಮೊದಲ ಕೆಲವು ತಿಂಗಳ ಆಫರ್ ಮುಗಿದ ಮೇಲೆ ಎಷ್ಟು?
2. ಜೋಡಿಸುವ ಖರ್ಚು ಎಷ್ಟು? ರೂಟರಿಗೆ ಡೆಪಾಸಿಟ್ ಇದ್ದರೆ ವಾಪಸ್ ಬರುತ್ತದೆಯೇ? ರಸೀದಿ ಕೊಡುತ್ತೀರಾ?
3. ತಿಂಗಳಿಗೆ ಎಷ್ಟು ಜಿಬಿ ಮಿತಿ? ದಾಟಿದರೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ?
4. ಅಪ್‌ಲೋಡ್ ಎಷ್ಟು?
5. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ?
6. ಸಣ್ಣ ಪ್ಲಾನ್‌ನಿಂದ ದೊಡ್ಡದಕ್ಕೆ, ದೊಡ್ಡದರಿಂದ ಸಣ್ಣದಕ್ಕೆ ಯಾವಾಗ ಬೇಕಾದರೂ ಹೋಗಬಹುದೇ?

ಮೊದಲು ಸಣ್ಣ ಪ್ಲಾನ್ ಅನ್ನು ಒಂದು ತಿಂಗಳ ಮಟ್ಟಿಗೆ ತೆಗೆದುಕೊಂಡು ನೋಡಿ. ಸಾಲದೆ ಬಂದರೆ ಮೇಲಕ್ಕೆ ಹೋಗುವುದು ಸುಲಭ. "ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಫ್ರೀ" ಅಂದ ಕೂಡಲೇ ಸಂಘದಲ್ಲಿ ಒಳಸಾಲ ತೆಗೆದು ಕಟ್ಟಬೇಡಿ. ಆ ಲೈನ್ ನಿಮ್ಮ ಬೀದಿಯಲ್ಲಿ ಸರಿಯಾಗಿ ಬರುತ್ತದೆಯೋ ಇಲ್ಲವೋ ಮೊದಲು ತಿಳಿಯಲಿ.

ಆದಷ್ಟೂ ಕನೆಕ್ಷನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿಗೆ ಇರಲಿ. ದುಡ್ಡು ಕಟ್ಟುವವರಿಗೆ ಬಿಲ್ಲಿನ ಮೆಸೇಜ್ ಬರಬೇಕು, ಪಾಸ್‌ವರ್ಡೂ ಗೊತ್ತಿರಬೇಕು. ಆದರೆ ಆ ಪಾಸ್‌ವರ್ಡನ್ನು ಬೀದಿಗೆಲ್ಲ ಹಂಚಬೇಡಿ. ನಿಮ್ಮ ಲೈನಿನಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೆ.

ತೊಂದರೆ ಬಂದರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಕೊಡಬಹುದು, ಇದಕ್ಕೆ ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಸಂಘದ ಸಭೆಯಲ್ಲಿ ಚರ್ಚಿಸಿ

• ನಮ್ಮ ಮನೆಯ ಸಂಜೆ ಎಂಟು ಗಂಟೆಯ ಲೆಕ್ಕ ಎಷ್ಟು ಬಂತು? ಅರ್ಧ ಸೇರಿಸಿದರೆ ಎಷ್ಟು?
• ಆ ಪಟ್ಟಿಯಲ್ಲಿ ನನ್ನ ಹೆಸರು, ನನ್ನ ಮಗಳ ಹೆಸರು ಎಷ್ಟನೆಯ ಸಾಲಿನಲ್ಲಿದೆ?
• ಈಗಾಗಲೇ ಹಾಕಿಸಿರುವವರಲ್ಲಿ ಯಾರು ಬೇಕಾದ್ದಕ್ಕಿಂತ ದೊಡ್ಡ ಪ್ಲಾನ್‌ಗೆ ಕಟ್ಟುತ್ತಿದ್ದಾರೆ?
• ನಮ್ಮ ಊರಿಗೆ ಫೈಬರ್ ಬಂದಿಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಯಾರು ಮಾತಾಡುತ್ತಾರೆ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಓದು ಬರಹ ಬಾರದವರಿಗೆ ಪಕ್ಕದವರು ಬರೆದುಕೊಡಿ. ಕನೆಕ್ಷನ್ ಕೊಡುವವರು ಮತ್ತೆ ಬಂದು "ಎಷ್ಟು ಹಾಕಲಿ ಅಕ್ಕಾ?" ಅಂತ ಕೇಳಿದಾಗ ಚೀಟಿ ನೋಡಿ ನೀವೇ ಉತ್ತರ ಹೇಳಿ.